ರೇಂಜರ್ ದಾರಿ ತಪ್ಪಲಿ: ಕ್ಲಾಸ್ ತಿದ್ದಿ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುವ ಡಿಎಂಗಳಿಗೆ, ಹೋಮ್‌ಬ್ರೂ ಎಂದು ಸ್ವಂತ ನಿಯಮ ಬರೆಯುವ ಗೆಳೆಯ ಗೆಳತಿಯರಿಗೆ,



2024ರ ಸೆಪ್ಟೆಂಬರಿನಲ್ಲಿ ಡಿ ಅಂಡ್ ಡಿಯ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಹೊರಬಂತು. ಹನ್ನೆರಡಕ್ಕೆ ಹನ್ನೆರಡೂ ಕ್ಲಾಸ್‌ಗಳು ತಿದ್ದುಪಡಿಯಾಗಿ ಬಂದವು. ಪುಸ್ತಕ ಕೈಸೇರಿದ್ದೇ ತಡ, ನಿಮ್ಮಲ್ಲಿ ಅನೇಕರು ಅದನ್ನೂ ತಿದ್ದಲು ಕೂತಿರಿ. ರೇಂಜರ್‌ಗೆ ಒಂದು ಡೈಸ್ ಜಾಸ್ತಿ, ಪ್ಯಾಲಡಿನ್‌ಗೆ ಕಳೆದುಹೋದ ಸ್ಮೈಟ್ ವಾಪಸ್, ರೋಗ್‌ಗೆ ಇನ್ನೊಂದು ಏಟು. ಆ ಕೆಲಸ ನಿಲ್ಲಿಸಿ ಎಂದು ಹೇಳಲು ಬರೆದ ಪತ್ರವಲ್ಲ ಇದು. ಈ ಆಟ ಹುಟ್ಟಿದ್ದೇ ಬೇರೊಂದು ಆಟವನ್ನು ತಿದ್ದಿ. ತಿದ್ದುವ ಕೈ ನಿಂತರೆ ಆಟವೂ ನಿಲ್ಲುತ್ತದೆ. ಕೇಳಿಕೊಳ್ಳುವುದು ಇಷ್ಟು: ಅಂಕಿಗೆ ಕೈ ಹಾಕುವ ಮೊದಲು, ಆ ಕ್ಲಾಸ್ ಹಿಡಿದು ಕೂತವರ ಸರದಿ ಬಂದಾಗ ಅವರು ಏನನ್ನು ಯೋಚಿಸುತ್ತಾರೆ, ಏನನ್ನು ಆರಿಸುತ್ತಾರೆ ಎಂದು ನೋಡಿ. ಅವರಿಗೆ ಕೊಡುತ್ತಿರುವುದನ್ನು ಪಕ್ಕದಲ್ಲಿ ಕೂತವರ ಕೈಯಿಂದ ಕಿತ್ತು ಕೊಡುತ್ತಿಲ್ಲ ತಾನೇ ಎಂದೂ ನೋಡಿ. ಐವತ್ತು ವರ್ಷಗಳ ಈ ಆಟದ ಚರಿತ್ರೆಯಲ್ಲಿ ಗೆದ್ದ ತಿದ್ದುಪಡಿಗಳೂ ಸೋತ ತಿದ್ದುಪಡಿಗಳೂ ಬಹುಪಾಲು ಈ ಎರಡು ಪ್ರಶ್ನೆಗಳ ಮೇಲೇ ನಿಂತಿವೆ.

ಆಟ ಗೊತ್ತಿಲ್ಲದವರ ಕಣ್ಣಿಗೂ ಈ ಪತ್ರ ಬೀಳಬಹುದು. ಅವರಿಗಾಗಿ ನಾಲ್ಕು ಮಾತು. ಐದಾರು ಜನ ಒಂದು ಮೇಜಿನ ಸುತ್ತ ಕೂತು ಬಾಯಿಮಾತಿನಲ್ಲೇ ಒಂದು ಕಥೆ ಆಡುತ್ತಾರೆ. ಒಬ್ಬರು ಡಂಜನ್ ಮಾಸ್ಟರ್, ಅಂದರೆ ಡಿಎಂ. ಊರು, ಕಾಡು, ರಕ್ಕಸರು, ಮಳೆ, ಬಿಸಿಲು ಎಲ್ಲ ಅವರ ಕೈಯಲ್ಲಿ. ಉಳಿದವರಿಗೆ ತಲಾ ಒಂದು ಪಾತ್ರ. ಕೆಲಸ ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ಡೈಸ್ ಉರುಳುತ್ತದೆ. ಪಾತ್ರದ ಕಸುಬೇ ಕ್ಲಾಸ್: ಕತ್ತಿ ಹಿಡಿಯುವ ಫೈಟರ್, ಮಂತ್ರ ಕಲಿತ ವಿಜಾರ್ಡ್, ಕಾಡು ಬಲ್ಲ ರೇಂಜರ್, ಬೀಗ ತೆರೆಯುವ ರೋಗ್, ಹೀಗೆ. ಆಡಿದಂತೆ ಪಾತ್ರದ ಲೆವೆಲ್ ಏರುತ್ತದೆ, ಲೆವೆಲ್ ಏರಿದಂತೆ ಹೊಸ ಶಕ್ತಿಗಳು ಬರುತ್ತವೆ.

ಮೊದಲು ಇದ್ದದ್ದು ಮೂರೇ ಕ್ಲಾಸ್. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಬರೆದ ಆಟವನ್ನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಟಿಎಸ್‌ಆರ್ ಎಂಬ ಪುಟ್ಟ ಕಂಪನಿ ಹೊರತಂದಿತು. ಒಂದು ಪೆಟ್ಟಿಗೆ, ಒಳಗೆ ಮೂರು ಕಿರುಪುಸ್ತಕ, ಬೆಲೆ 10 ಡಾಲರ್, ಮೊದಲ ಮುದ್ರಣ 1000 ಪ್ರತಿ. ಫೈಟಿಂಗ್ ಮ್ಯಾನ್, ಮ್ಯಾಜಿಕ್ ಯೂಸರ್, ಕ್ಲೆರಿಕ್ ಎಂಬ ಮೂರು ಕಸುಬು. ಫೈಟಿಂಗ್ ಮ್ಯಾನ್‌ನ ಬೇರು 1971ರ ಚೈನ್‌ಮೇಲ್ ಎಂಬ ಯುದ್ಧದಾಟದಲ್ಲಿದೆ. ಮ್ಯಾಜಿಕ್ ಯೂಸರ್‌ನ ಮಂತ್ರಪದ್ಧತಿ ಜ್ಯಾಕ್ ವ್ಯಾನ್ಸ್ ಬರೆದ ಡೈಯಿಂಗ್ ಅರ್ತ್ ಕಥೆಗಳಿಂದ ಬಂದದ್ದು: ಮೊದಲೇ ಬಾಯಿಪಾಠ ಮಾಡಿಟ್ಟ ಮಂತ್ರವನ್ನು ಒಮ್ಮೆ ಪ್ರಯೋಗಿಸಿದರೆ ಮುಗಿಯಿತು, ಅದು ತಲೆಯಿಂದ ಅಳಿಸಿಹೋಗುತ್ತದೆ.

ಕ್ಲೆರಿಕ್ ಹುಟ್ಟಿದ ಬಗೆ ಇನ್ನೂ ಸೊಗಸು. ಪೆಟ್ಟಿಗೆ ಮಾರುಕಟ್ಟೆಗೆ ಬರುವ ಮುಂಚೆ, ಮಿನೆಸೋಟದಲ್ಲಿ ಆರ್ನೆಸನ್ ನಡೆಸುತ್ತಿದ್ದ ಬ್ಲ್ಯಾಕ್‌ಮೂರ್ ಆಟದಲ್ಲಿ ಸರ್ ಫ್ಯಾಂಗ್ ಎಂಬ ರಕ್ತಪಿಪಾಸು ವ್ಯಾಂಪೈರ್ ಇದ್ದ. ಆಟಗಾರರೊಬ್ಬರದೇ ಪಾತ್ರ ಅದು. ಬೆಳೆದೂ ಬೆಳೆದೂ ಅವನನ್ನು ತಡೆಯುವವರೇ ಇಲ್ಲದಂತಾಯಿತು. ಆಗ ಮೈಕ್ ಕಾರ್ ಎಂಬ ಆಟಗಾರ ಬಿಷಪ್ ಕಾರ್ ಎಂಬ ಪಾತ್ರ ಹಿಡಿದು ಬಂದರು; ವ್ಯಾಂಪೈರ್ ಸಿನಿಮಾಗಳ ಬೇಟೆಗಾರರಂತೆ, ಸತ್ತೂ ಸಾಯದ ಪಿಶಾಚಿಗಳನ್ನು ಹಿಮ್ಮೆಟ್ಟಿಸುವ ಶಕ್ತಿ ಆ ಪಾತ್ರಕ್ಕಿತ್ತು. ಇಂದಿಗೂ ಕ್ಲೆರಿಕ್ ಶಿಲುಬೆಯನ್ನೋ ದೇವರ ಚಿಹ್ನೆಯನ್ನೋ ಎತ್ತಿ ಹಿಡಿದಾಗ ಅಸ್ಥಿಪಂಜರಗಳು ಓಡುತ್ತವಲ್ಲ, ಅದರ ಮೂಲ ಅಲ್ಲಿದೆ. ಮೇಜಿನ ಮೇಲೆ ಒಂದು ತೊಡಕು ಎದ್ದಿತ್ತು, ಅದಕ್ಕೊಂದು ಉತ್ತರವಾಗಿ ಕ್ಲಾಸ್ ಬಂತು. ನಿಮ್ಮ ಹೋಮ್‌ಬ್ರೂ ಕಡತಗಳಲ್ಲಿ ಎಷ್ಟು ಕ್ಲಾಸ್‌ಗಳಿಗೆ ಇಂಥ ಜನ್ಮಕಾರಣ ಇದೆ ಎಂದು ಒಮ್ಮೆ ತೆರೆದು ನೋಡಿ.

ಇನ್ನು ಥೀಫ್‌ನ, ಅಂದರೆ ಇಂದಿನ ರೋಗ್‌ನ ಹಿಂದಿನ ರೂಪದ, ಕಥೆ. ಹೊಸ ಕ್ಲಾಸ್ ಬರೆಯುವ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕು ಎಂಬುದು ಈ ಪತ್ರದ ಗಟ್ಟಿ ನಂಬಿಕೆ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಏರೋ ಹಾಬೀಸ್ ಎಂಬ ಅಂಗಡಿಯಿತ್ತು. ಅಲ್ಲಿ ಆಡುತ್ತಿದ್ದವರ ಮೇಜಿನಲ್ಲಿ ಹುಟ್ಟಿದ ಕಳ್ಳನ ಕಲ್ಪನೆ ಗೈಗ್ಯಾಕ್ಸ್ ಕಿವಿಗೆ ಬಿತ್ತು. 1975ರ ಗ್ರೇಹಾಕ್ ಪುರವಣಿಯಲ್ಲಿ ಅದು ಅಧಿಕೃತ ಕ್ಲಾಸ್ ಆಯಿತು. ಬೀಗ ತೆರೆಯುವುದು, ಕುಣಿಕೆ ಬಿಡಿಸುವುದು, ಸದ್ದಿಲ್ಲದೆ ನಡೆಯುವುದು, ನೆರಳಲ್ಲಿ ಅಡಗುವುದು, ಒಂದೊಂದಕ್ಕೂ ಶೇಕಡಾವಾರು ಲೆಕ್ಕ. ಎಲ್ಲರಿಗೂ ಖುಷಿಯಾಯಿತು. ಆದರೆ ಅದಕ್ಕೆ ಮುಂಚೆ ಈ ಕೆಲಸಗಳನ್ನು ಯಾರು ಮಾಡುತ್ತಿದ್ದರು? ಎಲ್ಲರೂ. ಫೈಟರ್ ಹಿಡಿದವರು ಹತ್ತಡಿ ಕೋಲಿನಿಂದ ನೆಲ ಕುಟ್ಟಿ ನೋಡುತ್ತಿದ್ದರು. ಮ್ಯಾಜಿಕ್ ಯೂಸರ್ ಹಿಡಿದವರು ಪೆಟ್ಟಿಗೆಯ ಮುಚ್ಚಳದ ಕೆಳಗೆ ತಂತಿ ಇದೆಯೇ ಎಂದು ಕೇಳುತ್ತಿದ್ದರು. ನೆಲಕ್ಕೆ ನೀರು ಸುರಿದು ಅದು ಯಾವ ಸಂದಿನಲ್ಲಿ ಇಳಿಯುತ್ತದೆ ಎಂದು ನೋಡುವ ಜಾಣರೂ ಇದ್ದರು. ಮಾತಿನಲ್ಲೇ ಹುಡುಕಾಟ, ಮಾತಿನಲ್ಲೇ ಉಪಾಯ. ಥೀಫ್ ಬಂದ ಮೇಲೆ ಇದೆಲ್ಲ ಅವನೊಬ್ಬನ ಹಕ್ಕು ಎಂಬ ಭಾವನೆ ಬೇರೂರಿತು. ಉಳಿದವರು ಕೈಕಟ್ಟಿ ಕೂತರು.

ಹೋಗಲಿ, ಥೀಫ್ ಆದರೂ ಸುಖವಾಗಿದ್ದನೇ? 1981ರ ಬೇಸಿಕ್ ಪೆಟ್ಟಿಗೆಯಲ್ಲಿ ಮೊದಲ ಲೆವೆಲ್‌ನ ಥೀಫ್‌ನ ಪಟ್ಟಿ ತೆರೆಯಿರಿ. ಬೀಗ ತೆರೆಯುವ ಸಾಧ್ಯತೆ ಶೇ. 15. ಕುಣಿಕೆ ಪತ್ತೆ ಹಚ್ಚಿ ಬಿಡಿಸುವುದು ಶೇ. 10. ಸದ್ದಿಲ್ಲದೆ ನಡೆಯುವುದು ಶೇ. 20. ನೆರಳಲ್ಲಿ ಅಡಗುವುದು ಶೇ. 10. ಗೋಡೆ ಹತ್ತುವುದೊಂದೇ ಶೇ. 87. ಅಂದರೆ ಕುಣಿಕೆಯ ಪರಿಣತ ಎಂದು ಕರೆಸಿಕೊಂಡವನು ಹತ್ತರಲ್ಲಿ ಒಂಬತ್ತು ಸಲ ಸೋಲುತ್ತಾನೆ. ಅದೇ ಕುಣಿಕೆಯನ್ನು ನಿನ್ನೆಯವರೆಗೆ ಕೋಲು ಹಿಡಿದು ಮಾತಿನಲ್ಲೇ ದಾಟುತ್ತಿದ್ದ ಫೈಟರ್ ಈಗ ಅವನ ಮುಖ ನೋಡುತ್ತಾ ನಿಂತಿದ್ದಾನೆ. ಒಂದೇ ಕ್ಲಾಸ್ ಇಬ್ಬರನ್ನೂ ಬಡವರನ್ನಾಗಿ ಮಾಡಿತು. ಹಳೆಯ ಶೈಲಿಯಲ್ಲಿ ಆಡಿಸುವ ಅನೇಕ ಡಿಎಂಗಳು ಇಂದಿಗೂ ಥೀಫ್ ಬೇಡವೆನ್ನುವುದಕ್ಕೆ ಇದೇ ಕಾರಣ. ಇನ್ನು ಕೆಲವರು ಜಾಣ ದಾರಿ ಹಿಡಿದಿದ್ದಾರೆ: ಯಾರು ಬೇಕಾದರೂ ಮಾತಿನಲ್ಲಿ ಪ್ರಯತ್ನಿಸಲಿ, ಆ ಪ್ರಯತ್ನ ಕೈಕೊಟ್ಟಾಗ ಥೀಫ್‌ಗೆ ಮಾತ್ರ ಹೆಚ್ಚುವರಿಯಾಗಿ ಒಂದು ಡೈಸ್ ಇರಲಿ ಎಂದು. ನೀವು ಅಡುಗೆಯವನ ಕ್ಲಾಸ್ ಬರೆದು ಅದಕ್ಕೆ "ಕಾಡಿನಲ್ಲಿ ಅಡುಗೆ ಮಾಡಬಲ್ಲ" ಎಂಬ ಶಕ್ತಿ ಕೊಟ್ಟ ಗಳಿಗೆಯಲ್ಲೇ, ಉಳಿದ ನಾಲ್ವರಿಗೆ ಅನ್ನ ಬೇಯಿಸಲು ಬಾರದು ಎಂದು ಬರೆದಂತಾಗುತ್ತದೆ.

ಆ ಕಾಲದವರು ಸಮತೋಲಕ್ಕೆ ಬಳಸಿದ ಒಂದು ಉಪಕರಣ ಈಗ ಮರೆತುಹೋಗಿದೆ. 1981ರ ಅದೇ ಪೆಟ್ಟಿಗೆಯಲ್ಲಿ ಎರಡನೇ ಲೆವೆಲ್ ಮುಟ್ಟಲು ಥೀಫ್‌ಗೆ 1200 ಎಕ್ಸ್‌ಪೀರಿಯನ್ಸ್ ಪಾಯಿಂಟ್ ಸಾಕು; ಕ್ಲೆರಿಕ್‌ಗೆ 1500, ಫೈಟರ್‌ಗೆ 2000, ಮ್ಯಾಜಿಕ್ ಯೂಸರ್‌ಗೆ 2500, ಎಲ್ಫ್‌ಗೆ 4000. ಆ ಪೆಟ್ಟಿಗೆಯಲ್ಲಿ ಎಲ್ಫ್ ಎಂಬುದೇ ಒಂದು ಕ್ಲಾಸ್, ಕತ್ತಿಯೂ ಮಂತ್ರವೂ ಎರಡೂ ಗೊತ್ತಿದ್ದದ್ದು. ಮೊದಲ ಲೆವೆಲ್‌ನ ಮ್ಯಾಜಿಕ್ ಯೂಸರ್‌ಗೆ ದಿನಕ್ಕೆ ಒಂದೇ ಮಂತ್ರ, ಪ್ರಾಣ ನಾಲ್ಕು ಮುಖದ ಒಂದು ಡೈಸ್‌ನಷ್ಟು. ಬದುಕಿ ಮೇಲೆ ಬಂದರೆ ಮಾತ್ರ ದೊಡ್ಡವನಾಗುತ್ತಾನೆ, ಅದೂ ನಿಧಾನವಾಗಿ. ಒರಟು ಲೆಕ್ಕವೇ ಸರಿ, ಆದರೂ ಒಂದು ಲೆಕ್ಕ ಇತ್ತು.

2000ದಲ್ಲಿ ಮೂರನೇ ಆವೃತ್ತಿ ಬಂತು. ಅಷ್ಟರಲ್ಲಿ ಟಿಎಸ್‌ಆರ್ ಅನ್ನು ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಕೊಂಡಾಗಿತ್ತು. ಜೊನಾಥನ್ ಟ್ವೀಟ್, ಮಾಂಟಿ ಕುಕ್, ಸ್ಕಿಪ್ ವಿಲಿಯಮ್ಸ್ ಸೇರಿ ಆಟವನ್ನು ಬುಡದಿಂದ ಕಟ್ಟಿದರು. ಎಲ್ಲ ಕ್ಲಾಸ್‌ಗಳೂ ಒಂದೇ ಪಟ್ಟಿಯ ಮೇಲೆ, ಒಂದೇ ವೇಗದಲ್ಲಿ ಲೆವೆಲ್ ಏರತೊಡಗಿದವು. ಕಲಿಯಲು ಸುಲಭ, ನೋಡಲು ಅಚ್ಚುಕಟ್ಟು. ಆದರೆ ಹಳೆಯ ಅಣೆಕಟ್ಟೆ ಒಡೆದಿತ್ತು, ಹೊಸದನ್ನು ಕಟ್ಟಿರಲಿಲ್ಲ. 2003ರ 3.5 ತಿದ್ದುಪಡಿಯಲ್ಲಿ ಡ್ರೂಯಿಡ್‌ನ ಸ್ಥಿತಿ ನೋಡಿ. ಮೊದಲ ಲೆವೆಲ್‌ನಿಂದಲೇ ಜತೆಗೊಂದು ಪ್ರಾಣಿ, ಪೂರ್ತಿ ಮಂತ್ರಬಲ, ಐದನೇ ಲೆವೆಲ್‌ಗೆ ಸ್ವತಃ ಪ್ರಾಣಿಯಾಗುವ ಶಕ್ತಿ. ಆರನೇ ಲೆವೆಲ್‌ನಲ್ಲಿ ನ್ಯಾಚುರಲ್ ಸ್ಪೆಲ್ ಎಂಬ ಫೀಟ್, ಅಂದರೆ ವಿಶೇಷ ಕೌಶಲ, ಆರಿಸಿಕೊಂಡರೆ ಕರಡಿಯ ರೂಪದಲ್ಲಿದ್ದೇ ಮಂತ್ರ ಹಾಕಬಹುದು. ಪಕ್ಕದಲ್ಲಿ ಫೈಟರ್‌ಗೆ ಇಪ್ಪತ್ತು ಲೆವೆಲ್‌ಗಳಲ್ಲಿ ಸಿಗುತ್ತಿದ್ದದ್ದು ಹನ್ನೊಂದು ಹೆಚ್ಚುವರಿ ಫೀಟ್, ಅಷ್ಟೇ. ಡ್ರೂಯಿಡ್ ಸಾಕಿದ ತೋಳವೇ ಅರ್ಧ ಫೈಟರ್‌ನ ಕೆಲಸ ಮಾಡಿ ಮುಗಿಸುತ್ತಿತ್ತು.

ಆ ಆವೃತ್ತಿಯ ಬಗ್ಗೆ ಮಾಂಟಿ ಕುಕ್ ನಂತರ ಬರೆದ ಲೇಖನವೊಂದು ಪ್ರಸಿದ್ಧ. ನಿಯಮಗಳನ್ನು ಅರೆದು ಕುಡಿದವರಿಗೆ ಪ್ರತಿಫಲ ಸಿಗಲಿ ಎಂದು ಕೆಲವು ಆಯ್ಕೆಗಳನ್ನು ಬೇಕೆಂದೇ ಬಲಹೀನವಾಗಿ ಅಥವಾ ಸೀಮಿತ ಸಂದರ್ಭಕ್ಕೆ ಮಾತ್ರ ಒದಗುವಂತೆ ಬಿಟ್ಟಿದ್ದೆವು ಎಂದು ಅವರು ಅದರಲ್ಲಿ ಮುಚ್ಚುಮರೆಯಿಲ್ಲದೆ ವಿವರಿಸಿದರು. ಮೂರೇ ಮೂರು ಹಿಟ್ ಪಾಯಿಂಟ್, ಅಂದರೆ ಪ್ರಾಣದ ಅಂಕ, ಕೊಡುವ ಟಫ್‌ನೆಸ್ ಫೀಟ್ ಅದಕ್ಕೊಂದು ಉದಾಹರಣೆ. ಯಾವುದು ಯಾವಾಗ ಒದಗುತ್ತದೆ ಎಂದು ಪುಸ್ತಕದಲ್ಲೇ ಹೇಳಿದ್ದರೆ ಚೆನ್ನಿತ್ತು ಎಂದೂ ಸೇರಿಸಿದರು. ಆ ಪ್ರಾಮಾಣಿಕತೆಗೆ ಗೌರವ ಸಲ್ಲಬೇಕು. ಆದರೆ ಹೊಸದಾಗಿ ಆಡಲು ಬಂದ ಹುಡುಗಿಯೊಬ್ಬಳು ಹೆಸರು ನೋಡಿ ಟಫ್‌ನೆಸ್ ಆರಿಸಿ, ಆರು ತಿಂಗಳ ನಂತರ ತಾನು ಮೋಸಹೋದೆ ಎಂದು ತಿಳಿಯುವುದು ಕ್ರೌರ್ಯವೇ. ನಿಮ್ಮ ಕ್ಲಾಸ್‌ನಲ್ಲಿ ಅಂಥ ಗುಂಡಿಗಳನ್ನು ತೋಡಬೇಡಿ.

2008ರ ನಾಲ್ಕನೇ ಆವೃತ್ತಿಯನ್ನು ಬೈಯುವುದು ಬಹಳ ದಿನ ಫ್ಯಾಷನ್ ಆಗಿತ್ತು. ಈ ಪತ್ರ ಆ ಗುಂಪಿಗೆ ಸೇರುವುದಿಲ್ಲ. ರಾಬ್ ಹೈನ್ಸೂ, ಆಂಡಿ ಕಾಲಿನ್ಸ್, ಜೇಮ್ಸ್ ವ್ಯಾಟ್ ಅವರ ಆ ಪುಸ್ತಕದ ಫೈಟರ್, ಡಿ ಅಂಡ್ ಡಿ ಈವರೆಗೆ ಕಂಡ ಅತ್ಯುತ್ತಮ ಫೈಟರ್. ಕಾರಣವನ್ನು ಹತ್ತಿರದಿಂದ ನೋಡೋಣ. ಫೈಟರ್ ಒಬ್ಬ ಶತ್ರುವಿನ ಮೇಲೆ ಕತ್ತಿ ಬೀಸಿದರೆ, ತಾಗಲಿ ಬಿಡಲಿ, ಆ ಶತ್ರುವಿಗೆ ಗುರುತು ಬೀಳುತ್ತದೆ. ಗುರುತು ಬಿದ್ದವನು ಫೈಟರ್‌ನನ್ನು ಬಿಟ್ಟು ಬೇರೆಯವರ ಮೇಲೆ ಎರಗಿದರೆ ಅವನ ಡೈಸ್‌ನಲ್ಲಿ 2 ಕಡಿತ. ಪಕ್ಕದಲ್ಲೇ ನಿಂತು ಹಾಗೆ ಮಾಡಿದರೆ, ಅಥವಾ ಮೆಲ್ಲಗೆ ಜಾರಿಕೊಳ್ಳಲು ನೋಡಿದರೆ, ಅವನ ಏಟಿಗೆ ಮುಂಚೆಯೇ ಫೈಟರ್‌ನ ಏಟು ಬೀಳುತ್ತದೆ. ಈಗ ಡಿಎಂ ತಲೆ ಕೆರೆದುಕೊಳ್ಳಬೇಕು. ಹಿಂದೆ ನಿಂತ ವಿಜಾರ್ಡ್‌ನನ್ನು ಹೊಡೆಯುವುದೋ, ಎದುರಿಗಿರುವ ಫೈಟರ್‌ನನ್ನೋ? ಎರಡರಲ್ಲೂ ನಷ್ಟವಿದೆ. ಗೆಳೆಯರಿಗೆ ಅಡ್ಡ ನಿಲ್ಲುತ್ತೇನೆ ಎಂದು ಫೈಟರ್ ಎಂಬ ಹೆಸರೇ ಕೊಟ್ಟ ಮಾತನ್ನು ಮೂವತ್ತನಾಲ್ಕು ವರ್ಷಗಳ ನಂತರ ಒಂದು ನಿಯಮ ನಡೆಸಿಕೊಟ್ಟಿತು.

ಎಡವಿದ್ದು ಬೇರೆ ಕಡೆ. ಎಲ್ಲ ಕ್ಲಾಸ್‌ಗಳಿಗೂ ಒಂದೇ ಅಚ್ಚು: ಯಾವಾಗಲೂ ಬಳಸುವ ಶಕ್ತಿ, ಕಾಳಗಕ್ಕೊಮ್ಮೆ ಬಳಸುವ ಶಕ್ತಿ, ದಿನಕ್ಕೊಮ್ಮೆ ಬಳಸುವ ಶಕ್ತಿ, ಅದೇ ಲೆವೆಲ್‌ಗಳಲ್ಲಿ, ಅದೇ ಎಣಿಕೆಯಲ್ಲಿ. ಕಾಗದದ ಮೇಲೆ ವಿಜಾರ್ಡ್ ಮತ್ತು ಫೈಟರ್ ಅವಳಿಗಳಂತೆ ಕಂಡರು. ಸಮತೋಲ ಸಿಕ್ಕಿತು, ಸ್ವಭಾವ ಹೋಯಿತು ಎಂದು ಹಳಬರು ಮುನಿಸಿಕೊಂಡರು. 2010ರಲ್ಲಿ ಎಸೆನ್ಶಿಯಲ್ಸ್ ಸಾಲಿನ ಪುಸ್ತಕಗಳು ಸರಳ ಫೈಟರ್‌ನನ್ನು ಮರಳಿ ತರುವಷ್ಟರಲ್ಲಿ ಮುನಿಸು ಆರುವ ಸ್ಥಿತಿಯಲ್ಲಿರಲಿಲ್ಲ. ಮೂರನೇ ಆವೃತ್ತಿಯ ನಿಯಮಗಳನ್ನೇ ಮುಂದುವರಿಸಿ 2009ರಲ್ಲಿ ಪೈಜೋ ಕಂಪನಿ ತಂದ ಪಾತ್‌ಫೈಂಡರ್ ಕಡೆಗೆ ಅನೇಕರು ಹೊರಟುಹೋಗಿದ್ದರು.

ಪಾತ್‌ಫೈಂಡರ್ ಹೆಸರು ಬಂದಾಗ 2015ರ ಪಾತ್‌ಫೈಂಡರ್ ಅನ್‌ಚೈನ್ಡ್ ಪುಸ್ತಕವನ್ನು ಹೇಳದೆ ಮುಂದೆ ಹೋಗಲಾಗದು. ಬಾರ್ಬೇರಿಯನ್, ಮಾಂಕ್, ರೋಗ್, ಸಮನರ್ ಎಂಬ ನಾಲ್ಕು ಕ್ಲಾಸ್‌ಗಳನ್ನು ಬಿಚ್ಚಿ ಮತ್ತೆ ಜೋಡಿಸಿದ ಆ ಪುಸ್ತಕ ತಿದ್ದುವವರಿಗೆ ಪಾಠಶಾಲೆ. ಬಾರ್ಬೇರಿಯನ್‌ನನ್ನೇ ನೋಡಿ. ಹಳೆಯ ನಿಯಮದಲ್ಲಿ ಅವನಿಗೆ ರೇಜ್ ಬಂದರೆ, ಅಂದರೆ ಕೋಪ ನೆತ್ತಿಗೇರಿದರೆ, ಬಲ 4, ದೇಹದಾರ್ಢ್ಯ 4 ಏರುತ್ತಿತ್ತು. ದೇಹದಾರ್ಢ್ಯ ಏರಿದರೆ ಲೆವೆಲ್‌ಗೆ ಎರಡರಂತೆ ಹಿಟ್ ಪಾಯಿಂಟ್ ಏರುತ್ತವೆ. ಹತ್ತನೇ ಲೆವೆಲ್‌ನಲ್ಲಿ 20 ಹಿಟ್ ಪಾಯಿಂಟ್. ಕೋಪ ಇಳಿದಾಗ ಆ 20 ಕೂಡ ಇಳಿದುಹೋಗುತ್ತದೆ. ಕಾಳಗದ ಕೊನೆಯಲ್ಲಿ ಅವನ ಬಳಿ ಐದೇ ಪಾಯಿಂಟ್ ಉಳಿದಿದ್ದರೆ? ಶತ್ರುಗಳೆಲ್ಲ ಸತ್ತು, ಗೆಳೆಯರು ಜಯಘೋಷ ಮಾಡುತ್ತಿರುವಾಗ ಗೆದ್ದವನು ಕೋಪ ತಣ್ಣಗಾಗಿ ಕುಸಿಯುತ್ತಾನೆ. ದೇಹದಾರ್ಢ್ಯ ಕಡಿಮೆಯಿದ್ದರೆ ಅಲ್ಲೇ ಸಾಯುತ್ತಾನೆ. ಅಷ್ಟು ಸಾಲದೆಂಬಂತೆ ಪ್ರತಿ ಸಲ ಕೋಪ ಏರಿಳಿದಾಗಲೂ ಪೆನ್ಸಿಲ್ ಹಿಡಿದು ಅರ್ಧ ಹಾಳೆಯ ಅಂಕಿಗಳನ್ನು ಅಳಿಸಿ ಬರೆಯಬೇಕು. ಅನ್‌ಚೈನ್ಡ್ ಮಾಡಿದ್ದು ಸರಳ ಕೆಲಸ: ಏಟಿಗೆ ಮತ್ತು ಗಾಯಕ್ಕೆ ನೇರವಾಗಿ 2 ಕೂಡಿಸು, ಮೇಲಿನ ಪ್ರಾಣವನ್ನು ತಾತ್ಕಾಲಿಕ ಹಿಟ್ ಪಾಯಿಂಟ್ ಎಂದು ಕೊಡು, ಪೆಟ್ಟು ಬಿದ್ದಾಗ ಅದು ಮೊದಲು ಕರಗಲಿ. ಶಕ್ತಿ ಬಹುತೇಕ ಅಷ್ಟೇ ಉಳಿಯಿತು. ಲೆಕ್ಕವೂ ಸಾವೂ ತಪ್ಪಿದವು. ತಿದ್ದುವುದೆಂದರೆ ಶಕ್ತಿ ಹೆಚ್ಚಿಸುವುದು ಎಂದು ನಂಬಿದವರೆಲ್ಲ ಆ ಎರಡು ನಿಯಮಗಳನ್ನು ಅಕ್ಕಪಕ್ಕ ಇಟ್ಟು ಓದಲಿ.

ಈಗ ಐದನೇ ಆವೃತ್ತಿ. 2012ರ ಮೇ ತಿಂಗಳಲ್ಲಿ ಡಿ ಅಂಡ್ ಡಿ ನೆಕ್ಸ್ಟ್ ಎಂಬ ಹೆಸರಿನಲ್ಲಿ ಸಾರ್ವಜನಿಕ ಪ್ರಯೋಗ ಶುರುವಾಯಿತು. ಅದೇ ವರ್ಷದ ಒಂದು ಹಂತದಲ್ಲಿ ಪ್ರತಿಯೊಬ್ಬ ಫೈಟರ್‌ಗೂ ವಿಶೇಷ ಡೈಸ್‌ಗಳಿದ್ದವು. ಪ್ರತಿ ಸರದಿಗೂ ಅವು ಮರಳಿ ತುಂಬುತ್ತಿದ್ದವು. ಗಾಯ ಹೆಚ್ಚಿಸಲೋ, ಬಿದ್ದ ಏಟು ತಗ್ಗಿಸಲೋ, ಎಲ್ಲಿ ಖರ್ಚು ಮಾಡುವುದೆಂದು ಆಟಗಾರನೇ ಆರಿಸಬೇಕು. 2014ರಲ್ಲಿ ಪುಸ್ತಕ ಬಂದಾಗ ಆ ಡೈಸ್‌ಗಳು ಬ್ಯಾಟಲ್ ಮಾಸ್ಟರ್ ಎಂಬ ಒಂದು ಉಪಕ್ಲಾಸ್‌ನ ಮೂಲೆ ಸೇರಿದ್ದವು, ಮೊದಲಿಗೆ ನಾಲ್ಕೇ ಸಿಗುತ್ತಿದ್ದವು, ವಿಶ್ರಾಂತಿ ಪಡೆದರೆ ಮಾತ್ರ ತುಂಬುತ್ತಿದ್ದವು. ಸರಳ ಫೈಟರ್ ಬೇಕೆನ್ನುವವರು ನಿಜಕ್ಕೂ ಇದ್ದಾರೆ, ಅವರಿಗೆ ಚಾಂಪಿಯನ್ ಎಂಬ ಉಪಕ್ಲಾಸ್ ಇರಲಿ. ಆದರೆ ಉಳಿದವರ ಸರದಿ "ಹೊಡೆದೆ, ಮತ್ತೆ ಹೊಡೆದೆ" ಎಂಬಲ್ಲಿಗೆ ಮುಗಿಯುವಂತಾದದ್ದು ನೋವಿನ ವಿಷಯ. 2024ರ ಪುಸ್ತಕ ವೆಪನ್ ಮಾಸ್ಟರಿ ಎಂದು ಆಯುಧಗಳಿಗೇ ಗುಣ ಕೊಟ್ಟು ಈ ಕೊರತೆಯನ್ನು ಸ್ವಲ್ಪ ತುಂಬಿದೆ. ದೊಡ್ಡ ಕತ್ತಿ ಗುರಿ ತಪ್ಪಿದರೂ ಸವರಿಕೊಂಡು ಹೋಗುತ್ತದೆ, ಸುತ್ತಿಗೆ ತಾಗಿದರೆ ಶತ್ರು ಹಿಂದಕ್ಕೆ ಸರಿಯುತ್ತಾನೆ. ಕೆಡವುವ ಗುಣವಿರುವ ಆಯುಧ ಹಿಡಿದರೆ ಮಾತ್ರ ಪ್ರತಿ ಏಟಿಗೂ ಡಿಎಂ ಒಂದು ಡೈಸ್ ಉರುಳಿಸಬೇಕು, ಆಟ ನಿಧಾನವಾಗುತ್ತದೆ. ಆಯ್ಕೆ ಕೊಡುವಾಗ ಅದರ ಸಮಯದ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ರೇಂಜರ್ ಬಗ್ಗೆ ಬರೆಯದೆ ಈ ಪತ್ರ ಮುಗಿಯುವಂತಿಲ್ಲ. ನಿಮ್ಮಲ್ಲಿ ಹೆಚ್ಚು ಜನ ತಿದ್ದುತ್ತಿರುವುದು ಅದನ್ನೇ. 2014ರ ರೇಂಜರ್‌ಗೆ ನ್ಯಾಚುರಲ್ ಎಕ್ಸ್‌ಪ್ಲೋರರ್ ಎಂಬ ಶಕ್ತಿಯಿತ್ತು. ಅವನು ಆರಿಸಿಕೊಂಡ ನೆಲ ಕಾಡಾಗಿದ್ದರೆ, ಕಾಡಿನಲ್ಲಿ ಅವನ ತಂಡ ಮಾಟಮಂತ್ರದ ಕಾರಣಕ್ಕಲ್ಲದೆ ದಾರಿ ತಪ್ಪುವುದೇ ಇಲ್ಲ. ದುರ್ಗಮ ಹಾದಿ ಅವರ ನಡಿಗೆಯನ್ನು ನಿಧಾನಗೊಳಿಸುವುದಿಲ್ಲ. ಆಹಾರ ಹುಡುಕಿದರೆ ಎರಡು ಪಟ್ಟು ಸಿಗುತ್ತದೆ. ಓದಲು ಭರ್ಜರಿಯಾಗಿದೆ. ಮೇಜಿನ ಮೇಲೆ ಏನಾಗುತ್ತದೆ? ರಾತ್ರಿಯಿಡೀ ಕೂತು ಕಾಡಿನ ನಕ್ಷೆ ಬರೆದ ಡಿಎಂ "ಮಂಜು ಕವಿದಿದೆ, ಹಳೆಯ ಕಾಲುದಾರಿ ಕಾಣುತ್ತಿಲ್ಲ" ಎನ್ನುತ್ತಾರೆ. ರೇಂಜರ್ ಹಿಡಿದವರು "ನಾವು ದಾರಿ ತಪ್ಪುವುದಿಲ್ಲ" ಎನ್ನುತ್ತಾರೆ. "ಸರಿ, ನಾಲ್ಕು ದಿನಕ್ಕೆ ತಲುಪಿದಿರಿ." ಕಾಡು ಮುಗಿಯಿತು. ಕಾಡಿಗಾಗಿಯೇ ರೇಂಜರ್ ಆರಿಸಿಕೊಂಡವರು ಕಾಡಿನಲ್ಲಿ ಆಡಿದ್ದು ಒಂದೇ ವಾಕ್ಯ. ಕಥೆ ಮರುಭೂಮಿಗೆ ಹೋದರೆ ಆ ಒಂದು ವಾಕ್ಯವೂ ಇಲ್ಲ. ಬೀಸ್ಟ್ ಮಾಸ್ಟರ್ ಉಪಕ್ಲಾಸ್‌ನಲ್ಲಂತೂ ಸಾಕಿದ ಪ್ರಾಣಿ ಕಚ್ಚಬೇಕೆಂದರೆ ರೇಂಜರ್ ತನ್ನ ಆ್ಯಕ್ಷನ್, ಅಂದರೆ ಆ ಸರದಿಯ ಮುಖ್ಯ ಕ್ರಿಯೆ, ಬಿಟ್ಟುಕೊಡಬೇಕಿತ್ತು. ತಾನು ಬಿಲ್ಲು ಹಿಡಿದು, ತೋಳ ಬದಿಯಲ್ಲಿ ಎಗರಿ, ಇಬ್ಬರೂ ಒಟ್ಟಿಗೆ ಬೇಟೆಯಾಡುವ ಕನಸಿಗಾಗಿ ಬಂದವರಿಗೆ ಇಬ್ಬರಲ್ಲಿ ಒಬ್ಬರನ್ನು ಆರಿಸು ಎಂದ ಹಾಗಾಯಿತು.

ವಿಜರ್ಡ್ಸ್ ಸುಮ್ಮನೆ ಕೂರಲಿಲ್ಲ. 2015ರಲ್ಲಿ ಒಂದು ಪರ್ಯಾಯ ರೇಂಜರ್, 2016ರಲ್ಲಿ ರಿವೈಸ್ಡ್ ರೇಂಜರ್ ಎಂಬ ಇನ್ನೊಂದು, ಎರಡೂ ಪ್ರಯೋಗದ ಕರಡುಗಳು. 2020ರಲ್ಲಿ ಟಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್ ಪುಸ್ತಕ ಅಧಿಕೃತ ಪರ್ಯಾಯ ಕೊಟ್ಟಿತು. ಅದರಲ್ಲಿ ಪ್ರಾಣಿಗೆ ಆಜ್ಞೆ ಕೊಡಲು ಬೋನಸ್ ಆ್ಯಕ್ಷನ್ ಎಂಬ ಹೆಚ್ಚುವರಿ ಕಿರುಕ್ರಿಯೆ ಸಾಕು. ಆ ಒಂದು ಬದಲಾವಣೆಯಿಂದ ಬೀಸ್ಟ್ ಮಾಸ್ಟರ್‌ಗೆ ಜೀವ ಬಂತು, ಕಾರಣ ಕನಸಿನ ಇಬ್ಬರೂ ಒಂದೇ ಸರದಿಯಲ್ಲಿ ಆಡತೊಡಗಿದರು. ಕಾಡಿನ ವಿಷಯಕ್ಕೆ ಬಂದರೆ ಹಳೆಯ ಶಕ್ತಿಯ ಜಾಗಕ್ಕೆ ಒಂದು ಕೌಶಲದಲ್ಲಿ ಪರಿಣತಿ, ಎರಡು ಭಾಷೆ, ಮುಂದೆ ನಡಿಗೆಯ ವೇಗ, ಈಜು, ಹತ್ತುವಿಕೆ ಬಂದವು. ಉಪಯೋಗಕ್ಕೇನೋ ಬರುತ್ತದೆ, ಆದರೆ ಕಾಡು ಮರಳಿ ಬರಲಿಲ್ಲ. 2024ರಲ್ಲಿ ಕ್ಲಾಸ್‌ನ ತೂಕವೆಲ್ಲ ಹಂಟರ್ಸ್ ಮಾರ್ಕ್ ಎಂಬ ಒಂದು ಮಂತ್ರದ ಮೇಲೆ ಬಿದ್ದಿದೆ. ಅದಕ್ಕೆ ಏಕಾಗ್ರತೆ ಬೇಕು; ಅದು ನಡೆಯುತ್ತಿರುವಾಗ ಏಕಾಗ್ರತೆ ಬೇಡುವ ಬೇರೆ ಮಂತ್ರ ಹಾಕುವಂತಿಲ್ಲ, ರೇಂಜರ್‌ನ ಒಳ್ಳೊಳ್ಳೆಯ ಮಂತ್ರಗಳಲ್ಲಿ ಹಲವು ಅಂಥವೇ. ಇಪ್ಪತ್ತನೇ ಲೆವೆಲ್ ಮುಟ್ಟಿದವರಿಗೆ ಸಿಗುವ ಬಹುಮಾನವೆಂದರೆ ಆ ಮಂತ್ರದ ಆರು ಮುಖದ ಡೈಸ್ ಹತ್ತು ಮುಖದ್ದಾಗುವುದು. ಜನ ಬೇಸರಪಟ್ಟದ್ದು ಸಹಜ. ಅದಕ್ಕೆ ನಿಮ್ಮಲ್ಲಿ ಹೆಚ್ಚಿನವರು ಬರೆಯುತ್ತಿರುವ ಔಷಧ "ಏಕಾಗ್ರತೆ ಬೇಡ" ಎಂಬುದು. ತಪ್ಪೇನಿಲ್ಲ, ಅದೂ ಆಗಲಿ. ಆದರೆ ಅದು ಕಾಳಗದ ಕಾಯಿಲೆಗೆ ಮಾತ್ರ ಔಷಧ. ರೇಂಜರ್‌ನ ಹಳೆಯ ಗಾಯ ಕಾಡಿನಲ್ಲಿದೆ.

ಹಾಗಾದರೆ ಆ ಗಾಯಕ್ಕೆ ಏನು? ದಾರಿ ತಪ್ಪದಿರುವ ವರ ಬೇಡ, ದಾರಿಗಳನ್ನು ಆರಿಸುವ ಹಕ್ಕು ಕೊಡಿ. ಮಂಜು ಕವಿದಾಗ ಡಿಎಂ ರೇಂಜರ್‌ಗೆ ಮಾತ್ರ ಎರಡು ದಾರಿ ಹೇಳಲಿ: ಒಂದು ಹತ್ತಿರ, ಅಲ್ಲಿ ದೊಡ್ಡ ಪ್ರಾಣಿಯ ಹೆಜ್ಜೆಯಿದೆ, ಇನ್ನೊಂದು ದೂರ, ಅಲ್ಲಿ ನೀರಿಲ್ಲ. ಉಳಿದವರಿಗೆ ಕಾಣುವುದು ಮಂಜು, ರೇಂಜರ್‌ಗೆ ಕಾಣುವುದು ಕವಲು. ತಂಡದವರು ಅವನ ಕಡೆ ತಿರುಗಿ ಏನು ಮಾಡೋಣ ಎಂದು ಕೇಳುತ್ತಾರೆ. ಮೊದಲು ದಾರಿ ತಪ್ಪಲಿ, ಆಮೇಲೆ ರೇಂಜರ್ ಹುಡುಕಲಿ. ನಿಯಮದ ಭಾಷೆಯಲ್ಲಿ ಇದನ್ನು ಮೂರು ಸಾಲಿನಲ್ಲಿ ಬರೆಯಬಹುದು, ಒಂದು ಅಂಕಿಯೂ ಬೇಡ.

2024ರ ಪುಸ್ತಕಕ್ಕಾಗಿ 2022ರ ಆಗಸ್ಟಿನಿಂದ 2023ರ ಕೊನೆಯವರೆಗೆ ನಡೆದ ಸಾರ್ವಜನಿಕ ಪ್ರಯೋಗದಲ್ಲಿ ಬಿದ್ದುಹೋದ ಕರಡುಗಳು ಪುಸ್ತಕಕ್ಕೆ ಸೇರಿದವುಗಳಷ್ಟೇ ಕಲಿಸುತ್ತವೆ. ಡ್ರೂಯಿಡ್ ಪ್ರಾಣಿಯಾಗುವಾಗ ನೂರಾರು ಪ್ರಾಣಿಗಳ ವಿವರ ಹುಡುಕುವ ಗೋಳು ತಪ್ಪಲಿ ಎಂದು, 2023ರ ಫೆಬ್ರವರಿಯಲ್ಲಿ ನೆಲದ್ದು, ನೀರಿನದು, ಆಕಾಶದ್ದು ಎಂದು ಮೂರು ಸಿದ್ಧ ಚೌಕಟ್ಟು ಕೊಟ್ಟರು. ಹೊಸಬರಿಗೆ ಸುಲಭ. ಆದರೆ ಚೌಕಟ್ಟಿನೊಳಗೆ ತೋಳವೂ ಕರಡಿಯೂ ಒಂದೇ ಅಂಕಿ. ಪ್ರತಿಕ್ರಿಯೆ ಕಟುವಾಗಿ ಬಂತು, ಚೌಕಟ್ಟು ಹೋಯಿತು. ಅಂತಿಮ ಪುಸ್ತಕದಲ್ಲಿ ನಿಜವಾದ ಪ್ರಾಣಿಗಳೇ ಇವೆ, ಆದರೆ ಮೊದಲಿಗೆ ನಾಲ್ಕನ್ನು ಮಾತ್ರ ಆರಿಸಿಟ್ಟುಕೊಳ್ಳಬೇಕು. ತಡಕಾಟವೂ ತಪ್ಪಿತು, ಕರಡಿಯೂ ಉಳಿಯಿತು.

ವಾರ್‌ಲಾಕ್ ವಿಷಯದಲ್ಲೂ ಹೀಗೇ. ಎರಡನೇ ಲೆವೆಲ್‌ನಿಂದ ಹತ್ತರವರೆಗೆ ಅವನಿಗೆ ಎರಡೇ ಮಂತ್ರದ ಸ್ಲಾಟ್, ಅಂದರೆ ಎರಡು ಸಲ ಮಂತ್ರ ಹಾಕುವ ಅವಕಾಶ. ಒಂದು ಗಂಟೆಯ ಅಲ್ಪ ವಿಶ್ರಾಂತಿ ಸಿಕ್ಕರೆ ತುಂಬುತ್ತವೆ. ತಂಡ ನಿಲ್ಲದೆ ನಡೆದರೆ ವಾರ್‌ಲಾಕ್ ಬರಿಗೈ. ಏಪ್ರಿಲ್‌ನ ಕರಡು ಆ ಪದ್ಧತಿಯನ್ನೇ ಕಿತ್ತು, ಬೇರೆ ಅರೆಮಂತ್ರವಾದಿಗಳ ಪಟ್ಟಿಯನ್ನು ಅವನಿಗೆ ಅಂಟಿಸಿತು. ದೆವ್ವದ ಜತೆ ಒಪ್ಪಂದ ಮಾಡಿಕೊಂಡವನು ಪ್ಯಾಲಡಿನ್‌ನ ತಮ್ಮನಂತೆ ಕಂಡ. ಸೆಪ್ಟೆಂಬರಿನ ಕರಡಿನಲ್ಲಿ ಹಳೆಯ ಪದ್ಧತಿ ವಾಪಸ್ ಬಂತು, ಜತೆಗೆ ಮ್ಯಾಜಿಕಲ್ ಕನ್ನಿಂಗ್ ಎಂಬ ಸಣ್ಣ ಸೇರ್ಪಡೆ: ದಿನಕ್ಕೊಮ್ಮೆ, ಒಂದು ನಿಮಿಷದ ಕ್ರಿಯೆಯಿಂದ ಅರ್ಧದಷ್ಟು ಸ್ಲಾಟ್‌ಗಳನ್ನು ತುಂಬಿಕೊಳ್ಳಬಹುದು. ಬೆನ್ನೆಲುಬನ್ನು ಮುಟ್ಟದೆ ನೋಯುವ ಕೀಲಿಗೆ ಮಾತ್ರ ಎಣ್ಣೆ ಹಚ್ಚಿದರು. ಇಡೀ ಪ್ರಯೋಗದಲ್ಲಿ ಈ ಪತ್ರಕ್ಕೆ ಅತಿ ಇಷ್ಟವಾದ ತಿದ್ದುಪಡಿ ಇದು. ಎರಡನೇ ಸ್ಥಾನ ಮಾಂಕ್‌ಗೆ: ಓಡುವುದಕ್ಕೂ ಜಾರಿಕೊಳ್ಳುವುದಕ್ಕೂ ಮುಂಚೆ ಪಾಯಿಂಟ್ ಕೊಡಬೇಕಿತ್ತು, ಈಗ ಅದರ ಸಾದಾ ರೂಪ ಪುಕ್ಕಟೆ, ಪಾಯಿಂಟ್ ಕೊಟ್ಟರೆ ಎರಡೂ ಒಟ್ಟಿಗೆ. ಮಾಂಕ್ ಈಗ ಎರಡನೇ ಕಾಳಗಕ್ಕೇ ಬಸವಳಿದು ಕೂರುವುದಿಲ್ಲ.

ಕೊನೆಗೆ ಕೆಲಸದ ಮಾತು. ಬೆಂಗಳೂರು, ಮೈಸೂರಿನ ಕಡೆ ಪುಸ್ತಕ ಇಂಗ್ಲಿಷಿನಲ್ಲಿದ್ದರೂ ಮೇಜಿನ ಮಾತು ಕನ್ನಡದಲ್ಲೇ ನಡೆಯುವಲ್ಲಿ, ನಿಮ್ಮ ಹೊಸ ಶಕ್ತಿಯನ್ನು ಹಾಳೆ ನೋಡದೆ ಕನ್ನಡದಲ್ಲಿ ಒಮ್ಮೆ ಬಾಯಿಬಿಟ್ಟು ವಿವರಿಸಿ ನೋಡಿ. "ಆದರೆ", "ಹೊರತು", "ಆಗ ಮಾತ್ರ" ಎಂದು ಮೂರು ಸಲ ತಡವರಿಸಿದರೆ ಮರಳಿ ಬರೆಯಿರಿ. ಇಪ್ಪತ್ತು ಲೆವೆಲ್ ಒಟ್ಟಿಗೆ ಬರೆಯಬೇಡಿ. ಬಹುತೇಕ ಆಟಗಳು ಹತ್ತನೇ ಲೆವೆಲ್ ಕಾಣುವ ಮುಂಚೆಯೇ ನಿಲ್ಲುತ್ತವೆ. ಮೊದಲ ಐದನ್ನು ಬರೆದು, ಎರಡು ತಿಂಗಳು ಆಡಿಸಿ, ಆಮೇಲೆ ಆರನೆಯದಕ್ಕೆ ಹೋಗಿ. ಆಡಿಸುವಾಗ ಹೊಸ ಕ್ಲಾಸ್ ಹಿಡಿದವರ ಮುಖಕ್ಕಿಂತ ಪಕ್ಕದವರ ಮುಖ ಗಮನಿಸಿ, ಯಾರು ಫೋನ್ ಕೈಗೆತ್ತಿಕೊಂಡರು, ಯಾವಾಗ ಎತ್ತಿಕೊಂಡರು ಎಂದು ಗುರುತು ಹಾಕಿಕೊಳ್ಳಿ. ಆಡುವವರ ಕೈಯಲ್ಲಿ ಈಗಾಗಲೇ ಇರುವುದನ್ನು ತೆಗೆಯಬೇಕಾಗಿ ಬಂದರೆ, ಕಾರಣವನ್ನು ಅವರಿಗೇ ಹೇಳಿ, ಅವರನ್ನೇ ಕೇಳಿ ತೆಗೆಯಿರಿ; ಪ್ಯಾಲಡಿನ್‌ನ ಡಿವೈನ್ ಸ್ಮೈಟ್ ಎಂಬ ದೈವಬಲದ ಏಟು 2024ರಲ್ಲಿ ಬೋನಸ್ ಆ್ಯಕ್ಷನ್ ಬೇಡುವ ಮಂತ್ರವಾಗಿ ಸರದಿಗೆ ಒಂದಕ್ಕೆ ಇಳಿದಾಗ ಎದ್ದ ಗದ್ದಲ ಇನ್ನೂ ಆರಿಲ್ಲ, ಬದಲಾವಣೆಗೆ ಒಳ್ಳೆಯ ಕಾರಣವೇ ಇದ್ದರೂ.

ಮತ್ತು ಯಾರಾದರೂ ಮೇಲೆ ಹೇಳಿದ ಆ ಮೂರು ಸಾಲಿನ ರೇಂಜರ್‌ನನ್ನು ಬರೆದರೆ, ಮೊದಲು ಒಂದು ಮಳೆಗಾಲದ ಕಾಡಿನ ಕಥೆಯಲ್ಲಿ ಆಡಿಸಿ, ಏನಾಯಿತೆಂದು ಉಳಿದ ಡಿಎಂಗಳಿಗೂ ಬರೆದು ತಿಳಿಸಿ.

ಇತಿ,
ನಿಮ್ಮ ಆಟದ ಮೇಲೆ ಅಕ್ಕರೆಯುಳ್ಳ ಒಬ್ಬ ಬರಹಗಾರ